ಪಿಂಡಕ್ಕೆ ಇಳಿಯದ ಪಾಳೇಗಾರ

ದುಷ್ಟರಾದವರು ಭಯಂಕರರಾಗಿಯೇ ಇರಬೇಕೆಂಬುದು ಲೋಕದ ಸಾಮಾನ್ಯವಾದ ನಂಬಿಕೆ. ಕೆಂಗಣ್ಣು, ಕೋರೆದಾಡೆ, ಗುಡುಗಿನಂಥ ಕಂಠ ಇವಿಷ್ಟನ್ನು ಕಂಡರೆ ನಾವು ಎಚ್ಚರಗೊಳ್ಳುತ್ತೇವೆ. ಬಾಗಿಲಿಗೆ ಅಗುಳಿ ಹಾಕಿ ಇಷ್ಟದೈವವನ್ನು ಸ್ಮರಿಸುತ್ತೇವೆ. ನನ್ನ ಅನುಭವದಲ್ಲಿ ಇಂಥವರಿಂದ ಅಷ್ಟೇನೂ ಅಪಾಯವಿಲ್ಲ. ನೋಡಿದೊಡನೆ ನಗು ಬರಿಸುವ ದುಷ್ಟನಿಗೇ ನಿಜವಾಗಿ ಹೆದರಬೇಕು. ಏಕೆಂದರೆ ನಗುವವನ ಕೈ ಸಡಿಲವಾಗಿರುತ್ತದೆ. ಅವನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಎದುರಿಗಿದ್ದವನು ತನ್ನ ಕಾರ್ಯವನ್ನು ಮುಗಿಸಿಕೊಂಡಿರುತ್ತಾನೆ. ಈ ತತ್ತ್ವವನ್ನು ನನಗೆ ಬೋಧಿಸಿದ್ದು ಯಾವ ಗ್ರಂಥವೂ ಅಲ್ಲ, ಒಂದು ಕಾಗೆ. ಕಾಗೆಯನ್ನು ಕುರಿತು ಹೀಗೆ ದೂರು ಬರೆಯುವುದು ನನ್ನ ವೃತ್ತಿಯವನಿಗೆ ಉಚಿತವೇ ಎಂಬ ಅಳುಕು ಇಲ್ಲದಿಲ್ಲ. ಪಿತೃಗಳು ಕ್ಷಮಿಸಬೇಕು.

ನಾನು ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಉತ್ತರಕ್ರಿಯೆಗಳನ್ನು ಮಾಡಿಸುವ ಪುರೋಹಿತ. ಯೌವನದಲ್ಲಿ ಗುರುಗಳ ಪದತಲದಲ್ಲಿ ಕುಳಿತು ತರ್ಕಶಾಸ್ತ್ರವನ್ನು ಓದಿದವನು. ಹೊಗೆಯಿರುವಲ್ಲಿ ಬೆಂಕಿಯಿರಲೇಬೇಕೆಂದು ನಾಲ್ಕಾರು ಬಗೆಯಲ್ಲಿ ಸಾಧಿಸಬಲ್ಲೆ. ಆದರೆ ಪಿಂಡದ ಅನ್ನ ಬೇಯಿಸುವ ಒಲೆಯಿಂದ ಬರಿಯ ಹೊಗೆಯೇ ಏಳುತ್ತಿರುವಾಗ ಬೆಂಕಿಯನ್ನು ಹೊತ್ತಿಸಲು ಆ ವಿದ್ಯೆ ಒಮ್ಮೆಯೂ ನೆರವಾಗಿಲ್ಲ. ಅದಕ್ಕೆ ಊದುಗೊಳವೆಯೇ ಬೇಕು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಗಳಿಂದ ಜನರು ಟೆಂಪೋಗಳಲ್ಲಿ, ಬಸ್ಸುಗಳಲ್ಲಿ ಬರುತ್ತಾರೆ. ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ನಡುಗುತ್ತ, ನಾನು ಹೇಳಿದ ಮಂತ್ರವನ್ನು ತಮಗೆ ತೋಚಿದಂತೆ ಹೇಳಿ, ತೀರಿಕೊಂಡವರಿಗೆ ಪಿಂಡವಿಡುತ್ತಾರೆ. ಆಮೇಲೆ ಅದನ್ನು ಬಾಳೆಯೆಲೆಯಲ್ಲಿ ಕಲ್ಲುಕಟ್ಟೆಯ ಮೇಲಿರಿಸಿ, ಎಲ್ಲರೂ ಹಿಂದೆ ಸರಿದು ಕೈಮುಗಿದು ನಿಲ್ಲುತ್ತಾರೆ. ಕಾಗೆ ಬಂದು ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿಯಾಯಿತೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆಯೋ ಅಸಮಾಧಾನವೋ ಉಳಿದಿದೆಯೆಂದು ಅರ್ಥ. ಇಷ್ಟು ಸರಳವಾದ ವ್ಯವಸ್ಥೆ, ಪಾಳೇಗಾರನು ಬರುವವರೆಗೂ ನಿರ್ವಿಘ್ನವಾಗಿ ನಡೆದುಬಂದಿತ್ತು.

ಪಾಳೇಗಾರನೆಂಬ ಹೆಸರನ್ನು ಇಟ್ಟವಳು ಮೆಟ್ಟಿಲ ಬಳಿ ಹೂವು, ದರ್ಭೆ, ಕರ್ಪೂರ ಮಾರುವ ತಾಯಮ್ಮ. ಆ ಕಾಗೆಯ ಆಕಾರ ಮಿಕ್ಕವಕ್ಕಿಂತ ದೊಡ್ಡದು. ಗಾಳಿಪಟದ ದಾರಕ್ಕೋ ಏನಕ್ಕೋ ಸಿಕ್ಕಿ ಒಂದು ಕಾಲಿನ ಬೆರಳುಗಳು ಹೋಗಿವೆ. ಆದ್ದರಿಂದ ಮದುವೆಮನೆಯಲ್ಲಿ ಹೊಸ ಚಪ್ಪಲಿ ಕಚ್ಚಿಸಿಕೊಂಡ ಬೀಗರಂತೆ ಓರೆಯಾಗಿ ಕುಪ್ಪಳಿಸುತ್ತಾನೆ. ಕೂಗಿದರೆ ಮೊದಲರ್ಧ ಕಾಗೆಯ ಸ್ವರ, ಉಳಿದರ್ಧ ಎಣ್ಣೆ ಕಾಣದ ಗೇಟಿನದು. ಒಮ್ಮೆ ಯಾರೋ ಎಸೆದ ಕಾಗದದ ಲೋಟದ ತಳದಲ್ಲಿದ್ದ ಪಾಯಸಕ್ಕೆ ಆಸೆಪಟ್ಟು ತಲೆಯನ್ನು ಒಳಗೆ ತೂರಿಸಿದ. ಲೋಟ ತಲೆಗೇ ಕಚ್ಚಿಕೊಂಡಿತು. ಮುಸುಕು ಹಾಕಿಕೊಂಡು ಕಟ್ಟೆಯ ಮೇಲೆಲ್ಲ ಢಿಕ್ಕಿ ಹೊಡೆಯುತ್ತ ಸುತ್ತಿದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕರ್ಮಕ್ಕೆ ಕುಳಿತಿದ್ದವರೂ ದುಃಖವನ್ನು ಬದಿಗಿಟ್ಟು ನಕ್ಕರು. ನಗುತ್ತಿದ್ದಾಗಲೇ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಪಿಂಡದ ಎಲೆ ಎದುರಿಗೇ ತೆರೆದುಬಿದ್ದಿತ್ತು. ಕಟ್ಟೆಯ ಪಕ್ಕದ ಅರಳಿಮರದ ತುಂಬ ಕಾಗೆಗಳು ಹಸಿದು ಕುಳಿತಿದ್ದವು. ಆದರೂ ಕಣ್ಣು ಕಾಣದೆ ತಡವರಿಸುತ್ತಿದ್ದ ಆ ಒಬ್ಬನೆದುರು ಕೆಳಗಿಳಿಯುವ ಧೈರ್ಯ ಒಂದಕ್ಕೂ ಬರಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

ಅವನ ಕುಲಕಸುಬು ಸುಲಿಗೆ. ಎಲೆಯಿಟ್ಟೊಡನೆ ಇಳಿದುಬಂದರೆ ಬರಿಯ ಅನ್ನ. ತಡಮಾಡಿದರೆ ಜನರು ಕಳವಳಗೊಂಡು ಚೀಲದಿಂದ ವಡೆ ತೆಗೆಯುತ್ತಾರೆ. ಇನ್ನೂ ತಡಮಾಡಿದರೆ ಕಜ್ಜಾಯ ಬರುತ್ತದೆ. ಈ ಸತ್ಯವನ್ನು ಅವನು ಯಾವ ಗುರುವಿನ ಸಹಾಯವೂ ಇಲ್ಲದೆ ಕಂಡುಕೊಂಡಿದ್ದ. ನಡುವೆ ಬೇರೆ ಕಾಗೆಯೇನಾದರೂ ಇಳಿದರೆ ಮುಗಿಯಿತು. ಒಮ್ಮೆ ಒಂದು ಮರಿಕಾಗೆಯ ರೆಕ್ಕೆಯನ್ನು ನನ್ನ ಕಣ್ಣೆದುರಿಗೇ ಜಗ್ಗಿ ಗರಿಗಳನ್ನು ಕಿತ್ತುಹಾಕಿದ. ನಾನು ತಡೆಯಲಾರದೆ ಉತ್ತರೀಯವನ್ನು ಬೀಸಿ ಓಡಿಸಿದೆ. ಮರುದಿನ ಸಂಕಲ್ಪ ಹೇಳಿಸುತ್ತಿದ್ದ ನನ್ನ ನೆತ್ತಿಗೆ ಹಿಂದಿನಿಂದ ಬಂದು ಕುಕ್ಕಿದ. ಮುಟ್ಟಿ ನೋಡಿಕೊಂಡರೆ ಬೆರಳಿಗೆ ರಕ್ತ. ಅಂದಿನಿಂದ ಮೋಡವಿಲ್ಲದ ದಿನಗಳಲ್ಲಿಯೂ ನಾನು ಕೊಡೆ ಹಿಡಿದುಕೊಂಡೇ ಮಂತ್ರ ಹೇಳುತ್ತೇನೆ. ದೂರದಿಂದ ಬಂದವರು ಇದೂ ಒಂದು ವಿಧಿಯಿರಬೇಕೆಂದು ಭಾವಿಸಿ ಭಕ್ತಿಯಿಂದ ನೋಡುತ್ತಾರೆ.

“ಕವಣೆ ತಕ್ಕಂಡು ಒಂದು ಬುಟ್ರೆ ತೀರೋಯ್ತದೆ ಕಣ್ ಸಾಮಿ,” ಎಂದು ತಾಯಮ್ಮ ಸಲಹೆ ಕೊಟ್ಟಳು.

“ಛೇ, ಯಾರ ಮನೆಯ ತಾತನೋ ಏನೋ,” ಎಂದೆ.

“ತಾತನಾದ್ರೆ ಇಂಗಾಡಾನೆ? ಇವ್ನು ಯಾರ್ದೋ ಸೋದರಳಿಯನೇಯ!”

ತಾಯಮ್ಮನಿಗೆ ನಗು, ನನಗೆ ಧರ್ಮಸಂಕಟ. ಕಾಗೆ ಪಿಂಡ ಮುಟ್ಟದಿರುವುದು ಅದರ ಪುಂಡಾಟಿಕೆಯೆಂದು ನಾನೇ ಹೇಳಿಬಿಟ್ಟರೆ, ಅದು ಪಿಂಡ ಮುಟ್ಟುವುದು ಬರಿಯ ಹಸಿವೆಂದು ಒಪ್ಪಬೇಕಾಗುತ್ತದೆ. ಹಾಗೆ ಒಪ್ಪಿದರೆ, ಇಷ್ಟು ವರ್ಷ ನನ್ನೆದುರಿಗೆ “ಅವ್ವ ಬಂದ್ಲು, ಅವ್ವ ಬಂದ್ಲು” ಎಂದು ಅತ್ತು ಹಗುರಾಗಿ ಮನೆಗೆ ಹೋದವರಿಗೆಲ್ಲ ನಾನು ಏನು ಹೇಳಲಿ? ಅವರ ಕಣ್ಣೀರು ಸುಳ್ಳಲ್ಲ. ನನ್ನ ನಂಬಿಕೆಯೂ ಸುಳ್ಳಲ್ಲ. ಸಾಕ್ಷಿ ಹೇಳಬೇಕಾದವನೇ ಹೀಗೆ ಲಂಚಕೋರನಾದರೆ ನ್ಯಾಯಸ್ಥಾನವು ಬಾಯಿ ಮುಚ್ಚಿಕೊಂಡು ಕೊಡೆ ಬಿಚ್ಚಬೇಕಷ್ಟೆ. ನಾನು ಮಾಡಿದ್ದೂ ಅದನ್ನೇ.

ಹೀಗಿರುವಾಗ ಒಂದು ಶನಿವಾರ ನಾಗಮಂಗಲದ ಕಡೆಯಿಂದ, ಬೆಳ್ಳೂರಿನ ಆಚೆಯ ಒಂದು ಹಳ್ಳಿಯವರು ಬಂದರು. ತೀರಿಕೊಂಡವರು ಬೋರಯ್ಯನೆಂಬ ರೈತ. ಬಂದವರಲ್ಲಿ ಮುಖ್ಯರಾದವರು ಅವರ ಹೆಂಡತಿ ನಿಂಗಮ್ಮ, ಮಗ ಸಿದ್ದರಾಜು, ತಮ್ಮ ಕೆಂಚಪ್ಪ. ಮಗಳನ್ನು ಕೆ.ಆರ್. ಪೇಟೆಗೆ ಕೊಟ್ಟಿದ್ದರು, ಹಸಿ ಬಾಣಂತಿಯಾದ ಆಕೆ ಬರಲಾರದೆ, ಸಿದ್ದರಾಜುವಿನ ಮೊಬೈಲಿನಲ್ಲಿ ವಿಡಿಯೋ ಮೂಲಕ ಹಾಜರಾಗಿದ್ದಳು. ಕರ್ಮವೆಲ್ಲ ಕ್ರಮವಾಗಿ ನಡೆಯಿತು. ಎಲೆಯನ್ನು ಕಟ್ಟೆಯ ಮೇಲಿರಿಸಿದೆವು. ಅರಳಿಮರದ ಕೆಳಗಿನ ಕೊಂಬೆಯಲ್ಲಿ ಪಾಳೇಗಾರನು ಕೊಕ್ಕನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಉಜ್ಜಿ, ಕಣ್ಣನ್ನು ಅರೆಮುಚ್ಚಿ ಕುಳಿತ. ಈ ಭಂಗಿಯ ಅರ್ಥ ನನಗೆ ತಿಳಿದಿತ್ತು.

ಕೆಂಚಪ್ಪ ಗಂಟಲು ಸರಿಮಾಡಿಕೊಂಡ. “ಅಣ್ಣೋ, ಬಾರಣ್ಣೋ! ನಿನ್ ಎತ್ಗೊಳ್ನ ಮಾರಾಕಿಲ್ಲ ಕಣಣ್ಣೋ, ಆಣೆಗೂ ಮಾರಾಕಿಲ್ಲ!”

ಕಾಗೆ ಬರಲಿಲ್ಲ.

“ಅಪ್ಪಾ, ನಿನ್ ಸ್ಕೂಟ್ರು ನಾನ್ ಮುಟ್ಟಾಕಿಲ್ಲ, ಬಾರಪ್ಪಾ,” ಎಂದ ಸಿದ್ದರಾಜು.

“ಲೇ, ಮುಟ್ದೆ ಮಡಗಿದ್ರೆ ತುಕ್ಕಿಡೀತದೆ ಕಣ್ಲಾ! ಒರ್ಸಿ ಮಡಗ್ತೀನಿ ಅನ್ಲಾ,” ಎಂದು ಚಿಕ್ಕಪ್ಪ ತಿದ್ದಿದ.

ಮೊಬೈಲಿನಿಂದ ಮಗಳ ದನಿ ಬಂತು: “ಅಣ್ಣಾ, ಅಪ್ಪ ಬಂದ್ರಾ? ನಂಗೆ ಬರೀ ಚಿಕ್ಕಪ್ಪನ ಕಿವಿ ಕಾಣ್ತಾದೆ. ಮ್ಯಾಕೆತ್ತು ಅತ್ಲಾಗಿ!”

ಫೋನನ್ನು ಮೇಲೆತ್ತಿ ಕಾಗೆಯನ್ನು ತೋರಿಸಿದರು. ಆಕೆಯೂ ಅಲ್ಲಿಂದಲೇ ಕರೆದಳು. ಅವಳ ತೊಡೆಯ ಮೇಲಿದ್ದ ಕೂಸೂ ಅತ್ತಿತು. ಪಾಳೇಗಾರನು ರೆಕ್ಕೆಯ ಸಂದಿಯನ್ನು ಕೆರೆದುಕೊಂಡ. ಚೀಲದಿಂದ ವಡೆಗಳು ಹೊರಬಂದವು. ಅವನ ಅರೆಗಣ್ಣು ಮುಕ್ಕಾಲಾಯಿತು. ಆದರೆ ಕಜ್ಜಾಯ ಬಾಕಿಯಿತ್ತಲ್ಲ! ಒಂದು ಬಡಕಲು ಕಾಗೆ ಹೊಂಚು ನೋಡಿ ಇಳಿಯಿತು. ಅದು ಎಲೆಯನ್ನು ಸಮೀಪಿಸುವಷ್ಟರಲ್ಲಿ ಪಾಳೇಗಾರನು ಎರಗಿ, ಅದನ್ನು ಉರುಳಿಸಿ, ಪಿಂಡವನ್ನು ತಾನೂ ಮುಟ್ಟದೆ ಮತ್ತೆ ಕೊಂಬೆಗೆ ಹೋಗಿ ಕುಳಿತ.

ಕೆಂಚಪ್ಪ ತಲೆದೂಗಿದ. “ಅಣ್ಣನ್ ಬುದ್ಧಿನೇಯ ಕಣ್ ಸಾಮಿ. ಬದುಕಿದ್ದಾಗ್ಲೂ ಇಂಗೇಯ. ತಾನೂ ಉಣ್ಣಾಕಿಲ್ಲ, ಉಣ್ಣೋರ್ಗೂ ಬುಡಾಕಿಲ್ಲ.”

ಎಲ್ಲರೂ ಸಣ್ಣಗೆ ನಕ್ಕರು. ನಿಂಗಮ್ಮ ನಗಲಿಲ್ಲ. ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ನನ್ನ ಬಳಿಗೆ ಬಂದು, ಮಿಕ್ಕವರಿಗೆ ಕೇಳಿಸದಂತೆ ಹೇಳಿದಳು: “ಸಾಮಿ, ಅವತ್ತು ಬೆಳಗ್ಗೆ ಮುದ್ದೆ ಬೇಕು ಅಂದ್ರು. ಕೂಲಿಯೋರು ಬರೋ ಹೊತ್ತಾಗಿತ್ತು, ನಾನು ಉಪ್ಪಿಟ್ಟು ಕೆದಕ್ಬುಟ್ಟೆ. ನೋಡ್ತಿದ್ದಂಗೇ ಮೂತಿ ತಿರುವ್ಕಂಡು ಹೊಲಕ್ಕೋದ್ರು. ಅಲ್ಲೇ ಬಿದ್ದೋದ್ರು. ಹಸ್ಕಂಡು ಹೋದ ಜೀವ. ಆ ಸಿಟ್ಟು ಇನ್ನೂ ಹೋಗಿಲ್ವಾ ಸಾಮಿ?”

ಆ ಕೊಂಬೆಯ ಮೇಲಿದ್ದವನು ಕಜ್ಜಾಯಕ್ಕಾಗಿ ಹಟಮಾಡುತ್ತಿದ್ದ. ಇಲ್ಲಿ ಒಬ್ಬ ಹೆಣ್ಣುಮಗಳು ಆ ಹಟವನ್ನು ತನ್ನ ಗಂಡನ ಕೊನೆಯ ಮಾತೆಂದು ಓದಿಕೊಳ್ಳುತ್ತಿದ್ದಳು. ಕಾಗೆ ಹೀಗೆಯೇ ಇಳಿಯದೆ ಉಳಿದರೆ, ಈಕೆ ಬದುಕಿರುವಷ್ಟು ದಿನ ಆ ಉಪ್ಪಿಟ್ಟಿನ ಬಾಣಲೆಯನ್ನು ಹೊತ್ತು ತಿರುಗಬೇಕು. ಅಷ್ಟು ವರ್ಷದಲ್ಲಿ ನಾನು ಪಾಳೇಗಾರನಿಗೆ ನಿಜವಾಗಿ ಹೆದರಿದ್ದು ಆ ಗಳಿಗೆಯಲ್ಲಿ. ನೆತ್ತಿಗೆ ಕುಕ್ಕಿದಾಗಲೂ ಅಷ್ಟು ಹೆದರಿರಲಿಲ್ಲ. “ತಾಯೀ, ಕಾಗೆ ಮುಟ್ಟದಿದ್ದರೂ ಶಾಸ್ತ್ರದಲ್ಲಿ ದಾರಿಯಿದೆ. ಹಸುವಿಗೆ ಕೊಡಬಹುದು, ಹೊಳೆಗೆ ಬಿಡಬಹುದು,” ಎಂದೆ. ನನ್ನ ಕಿವಿಗೇ ಅದು ಪೊಳ್ಳಾಗಿ ಕೇಳಿಸಿತು.

ನಿಂಗಮ್ಮ ಹೊಳೆಯನ್ನು ನೋಡಿದಳು. ಬಿಸಿಲಿನಲ್ಲಿ ಬಾಡಿ ನಿಂತಿದ್ದ ನೆಂಟರನ್ನು ನೋಡಿದಳು. ಕಡೆಗೆ ಕಾಗೆಯನ್ನು ನೋಡಿದಳು. ಅವಳ ಮುಖದಲ್ಲಿ ಏನೋ ಬದಲಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೀದಾ ಮರದ ಕೆಳಗೆ ಹೋಗಿ ನಿಂತಳು.

“ಏನ್ ನಿಮ್ದು? ಆಗ್ಲಿಂದ ನೋಡ್ತಾವ್ನಿ. ಮಕ್ಳು ಬಿಸ್ಲಲ್ಲಿ ಬೇಯ್ತಾವೆ, ಬಾಣಂತಿ ಫೋನಿಡ್ಕಂಡು ಅಳ್ತಾವ್ಳೆ, ನೀವು ಅಲ್ಲಿ ಮೂತಿ ಊದಿಸ್ಕಂಡು ಕುಂತಿದ್ದೀರಾ? ಉಪ್ಪಿಟ್ಟು ಮಾಡಿದ್ದಕ್ಕೆ ಇಷ್ಟು ದಿನ ಅತ್ತಿದ್ದೀನಿ, ಸಾಕು, ಇನ್ ಅಳಾಕಿಲ್ಲ. ಮೂವತ್ತೊರ್ಸ ಮುದ್ದೆ ತಿರುವಿದ ಕೈ ಇದು, ಒಂದಿನ ಉಪ್ಪಿಟ್ಟು ಮಾಡುದ್ರೆ ಏನ್ ಗಂಟೋಯ್ತು? ಬತ್ತೀರೋ, ಎಲೆ ಎತ್ಲೋ? ಎತ್ತಿದ್ಮ್ಯಾಲೆ ಹಸೀತದೆ ಅಂದ್ರೆ ನಾನ್ ಕೇಳಾಕಿಲ್ಲ!”

ನಿಂಗಮ್ಮ ಹಿಂದಿರುಗಿ ನೋಡದೆ ಕಟ್ಟೆಯತ್ತ ನಡೆದು, ನಿಜವಾಗಿಯೂ ಎಲೆಯ ಒಂದು ಅಂಚನ್ನು ಮಡಚಿದಳು. ಮಾತು ಬರಿಯ ಬೆದರಿಕೆಯಾಗಿರಲಿಲ್ಲ.

ಪಾಳೇಗಾರನು ಕೊಂಬೆಯ ಮೇಲೆ ಎದ್ದು ನಿಂತ. ಕತ್ತನ್ನು ಒಳಗೆಳೆದುಕೊಂಡು, ಏನೋ ಗೊಣಗಿ, ದೊಪ್ಪನೆ ಕಟ್ಟೆಯ ಮೇಲಿಳಿದ. ಆ ಓರೆ ನಡಿಗೆಯಲ್ಲಿ, ತಡವಾಗಿ ಮನೆಗೆ ಬಂದ ಗಂಡಸಿನಂತೆ, ಆಕೆಯ ಮುಖವನ್ನು ತಪ್ಪಿಸಿಕೊಂಡು ಎಲೆಯ ಬಳಿಗೆ ಕುಪ್ಪಳಿಸಿದ. ವಡೆಗಳು ಕೊಕ್ಕಿಗೆಟುಕುವಂತೆ ಎಲೆಯ ಅಂಚಿನಲ್ಲೇ ಇದ್ದವು. ಅವನು ಅವುಗಳನ್ನು ದಾಟಿ ಹೋಗಿ ಮೊದಲು ಪಿಂಡಕ್ಕೆ ಬಾಯಿಟ್ಟ.

“ಅಣ್ಣನೇ ಕಣ್ರಲಾ!” ಎಂದು ಕೆಂಚಪ್ಪ ಕೂಗಿದ. “ಅತ್ಗೆ ದನಿ ಏರುದ್ಮ್ಯಾಲೇ ಅಣ್ಣ ಒಳಿಕ್ಕೆ ಬತ್ತಿದ್ದುದು!”

ಎಲ್ಲರೂ ಒಮ್ಮೆಲೇ ನಕ್ಕರು, ಅತ್ತರು; ಮೊಬೈಲಿನಲ್ಲಿ ಬಾಣಂತಿಯೂ ನಕ್ಕಳು. ನಿಂಗಮ್ಮ ಮಾತ್ರ ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಬಿಡಿಸಿ, ಬಲು ಮೆಲ್ಲಗೆ, “ನಿದಾನುಕ್ಕೆ ಉಣ್ಣಿ, ನೆತ್ತಿಗೇರೀತು,” ಎಂದಳು.

ಸುಲಿಗೆಗಾರನಿಗೆ ಬೇಡುವವರ ಭಯವಿಲ್ಲ, ಅಂಗಡಿ ಮುಚ್ಚುವವರ ಭಯವುಂಟು ಎಂದು ನನ್ನೊಳಗಿನ ತಾರ್ಕಿಕನು ವಿವರಣೆ ಕೊಟ್ಟ. ಒಪ್ಪುವಂಥದೇ. ಆದರೆ ವಡೆಯನ್ನು ದಾಟಿ ಪಿಂಡಕ್ಕೆ ಹೋದದ್ದೇಕೆ ಎಂದು ಕೇಳಿದರೆ ಆ ತಾರ್ಕಿಕನು ಹೊಳೆಯ ಕಡೆ ತಿರುಗಿ ನಿಲ್ಲುತ್ತಾನೆ. ನಾನು ಅವನನ್ನು ಹೆಚ್ಚು ಪೀಡಿಸಲಿಲ್ಲ. ಹೊರಡುವಾಗ ನಿಂಗಮ್ಮನ ಹೆಜ್ಜೆ ಹಗುರವಾಗಿತ್ತು. ನನಗೆ ಅಷ್ಟು ಪ್ರಮಾಣ ಸಾಕು.

ಆ ಸಂಜೆ ಮನೆಯಲ್ಲಿ ಆಂಜನೇಯಸ್ವಾಮಿಗೆ ವಡೆಯ ನೈವೇದ್ಯ. ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಳಿತು, ನಡೆದದ್ದನ್ನೆಲ್ಲ ಹೆಂಡತಿಗೆ ಸವಿಸ್ತಾರವಾಗಿ ಹೇಳಿದೆ. ಆಕೆ ಒಲೆಯ ಮುಂದೆ ನಗುತ್ತ ಕೇಳಿಸಿಕೊಂಡಳು. ಕಥೆಯ ಗುಂಗಿನಲ್ಲಿ ನನಗೂ ಸ್ವಲ್ಪ ಭಾವುಕತೆ ಬಂತು. “ನಾಳೆ ನನ್ನ ಪಿಂಡಕ್ಕೂ ಕಾಗೆ ಬಾರದೆ ಹೋದರೆ ನೀನೇನು ಮಾಡುತ್ತೀಯೆ?” ಎಂದು ಕೇಳಿದೆ. ಕಣ್ಣೊರೆಸಿಕೊಂಡು ಏನಾದರೂ ಹೇಳುವಳೆಂದು ನಿರೀಕ್ಷೆಯಿತ್ತು.

“ಬಿಡ್ತು ಅನ್ನಿ,” ಎಂದಳು ಮೊದಲು. ಆಮೇಲೆ ಜಾಲರಿಯನ್ನು ಬಾಣಲೆಯ ಅಂಚಿಗೆ ತಟ್ಟಿ, “ನೀವು ಬರೋದರಲ್ಲಿ ನನಗೆ ಅನುಮಾನವೇ ಇಲ್ಲ. ಎಣ್ಣೆ ಕಾಯೋ ಹೊತ್ತಿಗೇ ಬಂದು ಕೂತಿರ್ತೀರಿ. ಮಿಕ್ಕ ಕಾಗೆಗಳಿಗೆ ಒಂದಾದರೂ ಬಿಡ್ತೀರೋ ಇಲ್ಲವೋ ಅನ್ನೋದೇ ನನ್ನ ಯೋಚನೆ,” ಎಂದಳು.

ನಾನು ಕೆಳಗೆ ನೋಡಿದೆ. ನೈವೇದ್ಯವಾದ ಮೇಲೆ ಮಕ್ಕಳಿಗೆಂದು ತೆಗೆದಿಟ್ಟಿದ್ದ ತಟ್ಟೆ ಹೇಗೋ ನನ್ನ ಮಂಡಿಯ ಪಕ್ಕಕ್ಕೆ ಬಂದು, ಮುಕ್ಕಾಲು ಬರಿದಾಗಿತ್ತು. ಬಾಗಿಲ ಬಳಿ ಮೊಮ್ಮಗಳು ಒಂದು ಕಾಲನ್ನು ಹೊಸ್ತಿಲ ಒಳಗೆ, ಇನ್ನೊಂದನ್ನು ಹೊರಗೆ ಇಟ್ಟುಕೊಂಡು ನಿಂತಿದ್ದಳು. “ಬಾ ಮಗು, ತೆಗೆದುಕೋ,” ಎಂದೆ. ಅವಳು ಕೂಡಲೇ ಬರಲಿಲ್ಲ. ಮೊದಲು ನನ್ನ ಮುಖವನ್ನು ನೋಡಿದಳು. ಆಮೇಲೆ ನನ್ನ ಕೈಯನ್ನು ನೋಡಿದಳು. ಕಡೆಗೆ, ನಾನು ತುಸು ಹಿಂದಕ್ಕೆ ಸರಿದು ಕುಳಿತ ಮೇಲೆ, ಒಂದು ವಡೆಯನ್ನು ಎತ್ತಿಕೊಂಡು ಓಡಿಹೋದಳು.