ಕಡಲಡಿಯ ಎಣ್ಣೆ, ಹಿತ್ತಿಲ ಗುಂಡಿ

ತಪ್ಪೆಲ್ಲ ರೋಸ್ಮೇರಿಬಾಯಿಯದು. ಮಗನ ಕಂಪೆನಿಯ ನಕ್ಷೆಯೊಂದನ್ನು ಬೇಲಿಯ ಮೇಲೆ ಹರಡಿ, ಪಕ್ಕದ ಮನೆಯ ಶಂಕರಿಯಕ್ಕನಿಗೆ, “ಆಫ್ರಿಕದ ಕಡಲಡಿಯಲ್ಲಿ ಎಣ್ಣೆ ಎಲ್ಲುಂಟು ಅಂತ ನಮ್ಮ ಡೆನ್ನಿ ಇದನ್ನು ನೋಡಿಯೇ ಹೇಳ್ತಾನೆ” ಎಂದುಬಿಟ್ಟರು.

ನಕ್ಷೆಯಲ್ಲಿ ಕಡಲಡಿಯ ಪದರಗಳು ಕೊಯ್ದಿಟ್ಟ ಪತ್ರೊಡೆಯ ಸುರುಳಿಯಂತೆ ಕಾಣುತ್ತಿದ್ದವು. “ಹಾಗಾದ್ರೆ ನಮ್ಮ ಬೋರಿಗೆ ಒಂದು ಜಾಗ ಹೇಳ್ಲಿಕ್ಕೆ ಅವನಿಗೆಂತ ಕಷ್ಟ?” ಎಂದರು ಶಂಕರಿಯಕ್ಕ. ಅದು ೨೦೧೩ರ ಏಪ್ರಿಲ್. ನೆಕ್ರಾಜೆ ಊರಿನಲ್ಲಿ ಶಂಕರಿಯಕ್ಕನ ಬಾವಿಯ ತಳ ಕಾಣುತ್ತಿತ್ತು.

ಮಗ ಡೆನ್ಜಿಲನ ರಜೆಯಲ್ಲಿ ಉಳಿದದ್ದು ಅದೊಂದೇ ದಿನ. ಗಂಟುನೋವಿನ ಅಮ್ಮ ಅಂಗಳ ದಾಟಿ ಹೋಗಬೇಕಾಗದಂತೆ, ಮನೆಗೆ ತಾಗಿ ಕಕ್ಕಸಿಗೆ ಗುಂಡಿ ತೆಗೆಸಿಯೇ ಅವನು ಹೊರಡಬೇಕಿತ್ತು. ಬೆಳಗ್ಗೆಯೇ ಮುದುಕ ಬಟ್ಯನಿಗೆ ಜಾಗ ತೋರಿಸಿದ್ದ.

“ಇಲ್ಲಿ ಹುಲ್ಲು ಹಸಿ ಉಂಟಲ್ಲ ಮಾರಾಯ್ರೆ?”

“ಅದು ಪಾತ್ರೆ ತೊಳೆದ ನೀರು ಬಟ್ಯಣ್ಣ. ಅಡಿಯಲ್ಲಿ ಎಂತದೂ ಇಲ್ಲ, ಧೈರ್ಯದಲ್ಲಿ ಅಗೆಯಿರಿ.”

ಬೇಲಿಯಾಚೆ, ಮೊದಲೇ ಗೊತ್ತುಮಾಡಿದ್ದ ಬೋರ್‌ವೆಲ್ ಲಾರಿ ಬಂದೇಬಿಟ್ಟಿತು. “ನಮ್ಮದು ಬರೀ ಅಂದಾಜು ಶಂಕರಿಯಕ್ಕ. ಹತ್ತು ಕಡೆ ಕೊರೆದ್ರೆ ಎಂಟು ಕಡೆ ಸಿಗುವುದಿಲ್ಲ” ಎಂದ ಡೆನ್ಜಿಲ್.

“ಉಳಿದ ಎರಡು ಸಾಕು ಮಾರಾಯ” ಎಂದರು ಅವರ ಗಂಡ ಹರಿನಾರಾಯಣ ಮಾಷ್ಟ್ರು.

ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಅವನ ಬಾಲ್ಯದ ಬೇಸಗೆಗಳೆಲ್ಲ ಈ ಬೇಲಿ ದಾಟಿ ಬಂದ ಕೊಡಗಳಿಂದಲೇ ಕಳೆದಿದ್ದವು. “ನೀರು ಚೆಲ್ಲದಿದ್ರೆ ಮಾತ್ರ ಬೆಲ್ಲ” ಎನ್ನುತ್ತಿದ್ದರು ಶಂಕರಿಯಕ್ಕ, ಚೆಲ್ಲಿದರೂ ಕೊಡುತ್ತಿದ್ದರು.

ಹಿತ್ತಿಲೆಲ್ಲ ಸುತ್ತಿ, ಕಲ್ಲು ತಟ್ಟಿ ನೋಡಿ, ಹಲಸಿನ ಮರದ ಹತ್ತಿರ ಗೂಟ ನೆಟ್ಟ.

ನೂರಡಿಗೆ ಧೂಳು. ಇನ್ನೂರಕ್ಕೂ ಧೂಳು. ಮುನ್ನೂರಾಗುವಾಗ ಮಾಷ್ಟ್ರು ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತಿದ್ದರು.

“ಆಫ್ರಿಕದಲ್ಲೂ ಹೀಗೆಯಾ ಡೆನ್ನಿ?”

“ಅಲ್ಲಿ ಧೂಳಿಲ್ಲ ಮಾಷ್ಟ್ರೇ. ಉಪ್ಪುನೀರು ಬರ್ತದೆ.”

ಲಾರಿ ಹೋಯಿತು. ಶಂಕರಿಯಕ್ಕ ಬಾವಿಯಲ್ಲಿ ಉಳಿದಿದ್ದ ನೀರನ್ನೇ ಬೆರೆಸಿ ಅವನಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. “ಅಡ್ಡಿಲ್ಲ ಮಗಾ, ನೀನು ಮೊದಲೇ ಹೇಳಿದ್ದಿಯಲ್ಲ.”

ಆಗಲೇ ಬೇಲಿಯಾಚೆ ಬಟ್ಯನ ಕೂಗು. “ಏಣಿ ತನ್ನಿ ಮಾರಾಯ್ರೆ! ಸೊಂಟದವರೆಗೆ ನೀರು!”

ಕಕ್ಕಸಿನ ಗುಂಡಿಯಲ್ಲಿ ಒರತೆ ಒಡೆದಿತ್ತು.

ನೀರು ತಿಳಿಯಾದ ಮೇಲೆ ರೋಸ್ಮೇರಿಬಾಯಿ ಮೊದಲ ಕೊಡವನ್ನು ಬೇಲಿ ದಾಟಿಸಿದರು, ಜೊತೆಗೊಂದು ತುಂಡು ಬೆಲ್ಲವನ್ನೂ. ಆಮೇಲೆ ಊರುಗೋಲು ಹಿಡಿದು, ಅಂಗಳದಾಚೆಯ ಹಳೇ ಕಕ್ಕಸಿನ ಕಡೆಗೆ ನಿಧಾನವಾಗಿ ಹೊರಟರು. ಡೆನ್ಜಿಲ್ ತಲೆ ಮೇಲೆ ಕೈಹೊತ್ತು ಕುಳಿತ.

ಗೇಟಿನ ಬಳಿ ಊರಿನ ಏಳೆಂಟು ಮಂದಿ ನಿಂತಿದ್ದರು. ಬೀಳ್ಕೊಡಲು ಬಂದರೇನೋ ಎಂದು ಅವನ ಕಣ್ಣು ಒದ್ದೆಯಾಯಿತು.

ಮುಂದೆ ನಿಂತಿದ್ದ ಮುದ್ದಣ್ಣ ಕೈಮುಗಿದ. “ಹೋಗುವ ಮೊದಲು ನಮಗೂ ಕಕ್ಕಸಿನ ಗುಂಡಿಗೆ ಒಂದೊಂದು ಜಾಗ ತೋರಿಸಿ ಮಾರಾಯ್ರೆ. ನೀರಿಲ್ಲ ಅಂತ ನಿಮಗೆ ಗ್ಯಾರಂಟಿ ಇರುವ ಜಾಗವೇ ಆಗ್ಬೇಕು.”