ಭಜನೆಗೆ ಬಂದ ಎಲೆಕ್ಟ್ರಿಕ್ ಗಿಟಾರು ಮತ್ತು ಅದರ ನೆಂಟರು

ಮನೆಗೆ ಹೊಸ ವಸ್ತು ಬಂದರೆ ಅದು ಒಂಟಿಯಾಗಿ ಬರುವುದಿಲ್ಲ. ಸೊಸೆಯ ಹಿಂದೆ ಬೀಗರ ಕಡೆಯವರು ಬಂದ ಹಾಗೆ ಅದರ ನೆಂಟರೂ ಒಬ್ಬೊಬ್ಬರಾಗಿ ಬರುತ್ತಾರೆ, ಬಂದವರೆಲ್ಲ ಏನಾದರೊಂದು ತಮಾಷೆ ಮಾಡಿಯೇ ತೀರುತ್ತಾರೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ಶನಿವಾರ ಸಂಜೆ ನಮ್ಮ ಬಡಾವಣೆಯ ಆಂಜನೇಯನ ಗುಡಿಯಲ್ಲಿ ಭಜನೆ, ಹಾರ್ಮೋನಿಯಂ ನನ್ನದು. ಅದರ ತಿದಿಯನ್ನು ಇಲಿ ಕಡಿದು ಹಾಕಿತು. ಅದೇ ಹೊತ್ತಿಗೆ ನಮ್ಮ ಮಹಡಿಯ ಬಾಡಿಗೆಯವರು ಮನೆ ಖಾಲಿ ಮಾಡುತ್ತ, ಒಂದು ಎಲೆಕ್ಟ್ರಿಕ್ ಗಿಟಾರನ್ನೂ ಅದರ ಸ್ಪೀಕರ್ ಪೆಟ್ಟಿಗೆಯನ್ನೂ "ನೀವೇ ಇಟ್ಕೊಳ್ಳಿ ಅಂಕಲ್" ಎಂದು ಬಿಟ್ಟುಹೋದರು. ಒಂದು ತಂತಿ ಮೀಟಿ ನೋಡಿದೆ. ಮೈ ಜುಮ್ಮೆಂದಿತು. ಊರಿನ ಶಾಲೆಯಲ್ಲಿ ಮೇಷ್ಟ್ರು ಹಾಕಿಕೊಟ್ಟ ಸರಿಗಮವನ್ನೇ ನಂಬಿಕೊಂಡು, ಫೋನಿನಲ್ಲಿ ನೋಡಿ ನೋಡಿ ಕಲಿತೆ.

ಆದರೆ ಗುಡಿಗೆ ತರಬೇಕಾದರೆ ಭಜನಾ ಮಂಡಳಿಯ ಅಧ್ಯಕ್ಷರು ಒಪ್ಪಬೇಕಲ್ಲ. ಅವರು ಸರ್ಕಾರಿ ಕಾರ್ಖಾನೆಯಲ್ಲಿ ನಿವೃತ್ತರಾದವರು, ಟ್ರಯಲ್ ಇಲ್ಲದೆ ತೀರ್ಥವನ್ನೂ ಕುಡಿಯದವರು. "ಹನುಮ ಜಯಂತಿಗೆ ನುಡಿಸಿ ತೋರ್ಸಿ. ಜನಕ್ಕೆ ಹಿಡಿಸಿದ್ರೆ ಮಂಡಳಿಗೆ ಸೇರಿಸ್ಕೊಳ್ಳೋಣ. ಇಲ್ಲಾಂದ್ರೆ ಅದು ನಿಮ್ಮ ಮನೇಲೇ ಇರ್ಲಿ" ಎಂದರು. ಐವತ್ತು ದಾಟಿದ ನನಗೆ ಅವತ್ತಿನಿಂದ ನಿದ್ದೆಯಲ್ಲೂ ಬೆರಳು ಆಡತೊಡಗಿದವು.

ಹೆಗಲ ಪಟ್ಟಿ

ಮೊದಲು ಬೇಕಾದದ್ದು ಹೆಗಲಿಗೆ ಹಾಕುವ ಪಟ್ಟಿ. ಮೆಟ್ರೋ ಹತ್ತಿ ಸಂಗೀತದ ಅಂಗಡಿಗೆ ಹೋದೆ. ಅಂಗಡಿಯ ಹುಡುಗಿ ಬಹಳ ಉತ್ಸಾಹದಿಂದ ಎರಡು ಪಟ್ಟಿ ತೆಗೆದಳು. ಒಂದರ ತುಂಬ ತಲೆಬುರುಡೆ, ಇನ್ನೊಂದರ ತುಂಬ ಬೆಂಕಿ.

"ಬುರುಡೆ ಶಿವನಿಗಾದ್ರೆ ಸಲ್ಲುತ್ತೆ ತಾಯಿ. ನಮ್ಮದು ಆಂಜನೇಯ."

"ಹಾಗಾದ್ರೆ ಬೆಂಕೀದೇ ತಗೊಳ್ಳಿ ಸಾರ್, ಬಾಲಕ್ಕೆ ಹೊಂದುತ್ತೆ."

ಇಂಥ ಮಾತಿಗೆ ಎದುರಾಡುವುದು ಹೇಗೆ? ತೆಗೆದುಕೊಳ್ಳಲು ಹೋಗಿ ಮುಟ್ಟಿ ನೋಡಿದರೆ ಅಪ್ಪಟ ಚರ್ಮ. ದೇವರ ಮುಂದೆ ಚರ್ಮದ ಪಟ್ಟಿ ಹಾಕಿಕೊಂಡು ಕೂರುವುದು ನನ್ನಿಂದಾಗದು. ಅಂಗಡಿಯಲ್ಲಿದ್ದ ಪಟ್ಟಿಗಳನ್ನೆಲ್ಲ ಕೆಳಗಿಳಿಸಿದ ಮೇಲೆ, ಕೊನೆಗೆ ಹತ್ತಿಯದೊಂದು ಸಿಕ್ಕಿತು. ಶನಿವಾರ ಅಭ್ಯಾಸದ ಹೊತ್ತಿನಲ್ಲಿ ಈ ಕತೆಯನ್ನು ಮಂಡಳಿಯವರಿಗೆಲ್ಲ ಹೇಳಿದೆ. ಪಕ್ಕದಲ್ಲಿದ್ದ ತಬಲದವರು ಗಂಭೀರವಾಗಿ ತಲೆಯಾಡಿಸಿದರು.

"ಒಳ್ಳೇ ಕೆಲ್ಸ ಮಾಡಿದ್ರಿ ಅಣ್ಣ. ಗುಡಿ ಒಳಕ್ಕೆ ಚರ್ಮ ಬರ್ಲೇಬಾರ್ದು" ಎಂದರು, ತಬಲದ ಮೇಲೆ ಎರಡೂ ಕೈ ಊರಿಕೊಂಡು.

ಹಿತ್ತಾಳೆಯ ತುಂಡು

ಗಿಟಾರಿನ ಕುತ್ತಿಗೆಯ ತುದಿಯಲ್ಲಿ, ತಂತಿಗಳು ಹಾದುಹೋಗಲು ಆರು ಕಚ್ಚುಗಳಿರುವ ಬೆರಳಗಲದ ಒಂದು ತುಂಡಿರುತ್ತದೆ. ನನ್ನದರಲ್ಲಿ ಅದು ಪ್ಲಾಸ್ಟಿಕ್ಕಿನದು. ಹಿತ್ತಾಳೆಯದು ಹಾಕಿದರೆ ನಾದ ಗಂಟೆಯ ಹಾಗೆ ಬರುತ್ತದೆ ಎಂದು ಎಲ್ಲೋ ಓದಿದೆ. ಹಿತ್ತಾಳೆ ಎಂದರೆ ನನ್ನ ಕೈಗೆ ಬೆಣ್ಣೆ. ಮಾಲೀಕರ ಅಪ್ಪಣೆ ಪಡೆದು, ಊಟದ ಬಿಡುವಿನಲ್ಲಿ ಕೂತು, ಆರು ತಂತಿಯ ದಪ್ಪಕ್ಕೆ ತಕ್ಕಂತೆ ಆರು ಕಚ್ಚು ಹಾಕಿದೆ. ಬೆಳಕಿಗೆ ಹಿಡಿದರೆ ಮೂಗುತಿಯ ಹಾಗೆ ಹೊಳೆಯಿತು.

ಆ ಸಂಭ್ರಮದಲ್ಲಿ ಅದನ್ನು ಮೇಜಿನ ಮೇಲೆ ಬಿಟ್ಟು ಕೈ ತೊಳೆಯಲು ಹೋದದ್ದೇ ತಪ್ಪು. ಬರುವಷ್ಟರಲ್ಲಿ ನಮ್ಮ ಕ್ವಾಲಿಟಿ ಇನ್ಸ್‌ಪೆಕ್ಟರು ಅದಕ್ಕೆ ಕೆಂಪು ಚೀಟಿ ಕಟ್ಟಿ ರಿಜೆಕ್ಷನ್ ಡಬ್ಬಿಗೆ ಹಾಕಿದ್ದರು.

"ಆರು ಕಚ್ಚೂ ಆರು ಅಳತೆ! ಇಷ್ಟು ವರ್ಷ ಕೆಲ್ಸ ಮಾಡಿ ಹಿಂಗೆ ಮಾಡೋದಾ ಗುರುವೇ?"

"ಅದು ಇರಬೇಕಾದ್ದೇ ಹಾಗೆ ಸ್ವಾಮಿ. ಗಿಟಾರಿಂದು."

"ಡ್ರಾಯಿಂಗ್ ಎಲ್ಲಿ?"

"ಡ್ರಾಯಿಂಗ್ ಇಲ್ಲ. ಕಿವಿಯಲ್ಲಿ ಕೇಳಿ ಹೊಂದಿಸೋದು."

ಪ್ರತಿ ಅಳತೆಗೋಲಿಗೂ ಸರಿಯಿದೆಯೆಂಬ ಪತ್ರ ಕೇಳುವ ಅವರು ಜೇಬಿನಿಂದ ಪೆನ್ನು ತೆಗೆದರು. ನನ್ನ ಎರಡೂ ಕಿವಿಗಳನ್ನು ದಿಟ್ಟಿಸಿ ನೋಡಿದರು.

"ಕಿವಿಗೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇದ್ಯಾ?"

ಆಯುಧಪೂಜೆ

ಆಯುಧಪೂಜೆಯ ದಿನ ನಾನು ಕಾರ್ಖಾನೆಯ ಪೂಜೆಗೆ ಹೋಗಿದ್ದೆ. ಮನೆಯಲ್ಲಿ ನನ್ನ ಹೆಂಡತಿ ಸ್ಕೂಟರು, ಮಿಕ್ಸಿ, ಈಳಿಗೆಮಣೆ ಮುಗಿಸಿ ಗಿಟಾರಿಗೆ ಬಂದಿದ್ದಾಳೆ. ಗುಂಡಿಗಳಿಗೆ ಒಂದೊಂದು ಬೊಟ್ಟು ಕುಂಕುಮ, ತಂತಿಯ ಕೆಳಗಿನ ಕಪ್ಪು ಪಟ್ಟಿಗಳಿಗೆ ಮೂರು ಮೂರು ಗೆರೆ ವಿಭೂತಿ. ಕುತ್ತಿಗೆಗೆ ಸೇವಂತಿಗೆ ಹಾರ. ನೋಡಿ ಕಣ್ತುಂಬಿ ಬಂತು. ಮಾರನೆಯ ದಿನ ನುಡಿಸಿದರೆ ಕರಕರ, ಕರಕರ. ದನಿ ಏರಿಸುವ ಗುಂಡಿ ತಿರುಗಿಸಿದರೆ ಹುರಿಗಡಲೆ ಜಗಿದ ಸದ್ದು.

ರಿಪೇರಿಯವನ ಬಳಿ ಓಡಿದೆ. ಬಿಚ್ಚಿ ನೋಡಿ ಅವನು, "ಒಳಗೆಲ್ಲ ಕೆಂಪಗಿದೆಯಲ್ಲ ಸಾರ್, ತುಕ್ಕಾ?" ಎಂದ.

"ಕುಂಕುಮ ಕಣಪ್ಪ. ಮನೆಯವರು ಸ್ವಲ್ಪ ಭಕ್ತಿಯಿಂದ ಇಟ್ಟಿದ್ದಾರೆ."

ಹೆಂಡತಿಯ ಭಕ್ತಿಯಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಹೇಗೂ ಬಿಚ್ಚಿದ್ದಾಯಿತು, ತಂತಿಯ ನಾದ ಹಿಡಿದು ಪೆಟ್ಟಿಗೆಗೆ ಕಳಿಸುವ ಆ ಕಪ್ಪು ಪಟ್ಟಿಗಳನ್ನೇ, ಅಂದರೆ ಪಿಕಪ್ಪುಗಳನ್ನೇ, ಹೊಸದು ಹಾಕಿಸಿಬಿಡೋಣ ಎಂದೆ. ಅವನು ಎಲೆಕ್ಟ್ರಾನಿಕ್ಸು ಎಂದರೆ ಏನು, ಧೂಳು ಎಷ್ಟು ಅಪಾಯ, ಇನ್ನು ಮೇಲೆ ಒಳಗೆ ಒಂದು ಕಣವೂ ಹೋಗಬಾರದು ಎಂದೆಲ್ಲ ದೊಡ್ಡ ಪಾಠ ಹೇಳಿದ. ನಾನು ಶಿಷ್ಯನಂತೆ ಕೈಕಟ್ಟಿ ಕೇಳಿದೆ. ಪಾಠ ಮುಗಿಸಿ, ಹೊಸ ಪಿಕಪ್ಪನ್ನು ಡಬ್ಬಿಯಿಂದ ತೆಗೆದು, ಗೋಡೆಯ ಮೇಲಿದ್ದ ದೇವರ ಪಟದಿಂದ ಒಂದು ಚಿಟಿಕೆ ಕುಂಕುಮ ತಂದು ಅದಕ್ಕೆ ಹಚ್ಚಿದ.

ನಾನು ತಡೆಯಲು ಕೈ ಎತ್ತಿದೆ.

"ಹೊಸ ಐಟಂ ಸಾರ್," ಎಂದ. "ಸುಮ್ನೆ ಹಾಕೋಕಾಗುತ್ತಾ?"

ಕಾಲಲ್ಲಿ ಒತ್ತುವ ಡಬ್ಬಿ

ಹನುಮ ಜಯಂತಿಗೆ ವಾರವಿತ್ತು. ನಾದ ಗವಿಯೊಳಗೆ ಮೊಳಗಿದ ಹಾಗೆ ಮರುದನಿ ಕೊಡುವ ಒಂದು ಡಬ್ಬಿ ಸಿಗುತ್ತದೆಂದು ಗೊತ್ತಾಯಿತು. ಅದೇ ಅಂಗಡಿಗೆ ಹೋದೆ. ಹುಡುಗಿ ಅದನ್ನು ನೆಲದ ಮೇಲಿಟ್ಟು, "ಕಾಲಲ್ಲಿ ಒತ್ತಿ ಸಾರ್" ಎಂದಳು. ಒತ್ತಿದೆ. ಅಬ್ಬಾ! ಒಂದು ಸ್ವರ ಮೀಟಿದರೆ ಏಳು ಸ್ವರ ಹಿಂದೆ ಓಡಿಬಂದವು. ಆದರೆ ವಾದ್ಯಕ್ಕೆ ಕಾಲು ತಾಗಿತಲ್ಲ! ತಟ್ಟನೆ ಬಗ್ಗಿ ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆರಿಸಲು ಮತ್ತೆ ಕಾಲಲ್ಲಿ ಒತ್ತಬೇಕು, ಮತ್ತೆ ಬಗ್ಗಿ ನಮಸ್ಕಾರ. ನಾಲ್ಕನೆಯ ಸಲಕ್ಕೆ ಆ ಹುಡುಗಿಯೂ ನನ್ನ ಜೊತೆ ಬಗ್ಗಿದಳು.

ಡಬ್ಬಿ ಮನೆಗೆ ಬಂತು. ಆದರೆ ಗುಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು. ದೇವರ ಕಡೆ ಕಾಲು ಚಾಚುವ ಹಾಗಿಲ್ಲ. ನನ್ನ ಎರಡೂ ಕೈ ತಂತಿಯ ಮೇಲೆ, ಉಳಿದವರ ಕೈ ತಾಳದ ಮೇಲೆ. ಕೈ ಖಾಲಿ ಇದ್ದವರು ಒಬ್ಬರೇ, ನನ್ನನ್ನು ಪರೀಕ್ಷೆ ಮಾಡಲು ಕೂತಿದ್ದ ಅಧ್ಯಕ್ಷರು. ಹನುಮ ಜಯಂತಿಯ ಸಂಜೆ, ಡಬ್ಬಿಯ ಗುಂಡಿ ಒತ್ತಿಕೊಡಿ ಎಂದು ಹೆದರುತ್ತಲೇ ಅವರನ್ನು ಕೇಳಿಕೊಂಡೆ.

"ಒತ್ತೋದು ಅಷ್ಟೇ ತಾನೆ? ಮೂವತ್ತು ವರ್ಷ ತಗಡು ಒತ್ತೋ ಪ್ರೆಸ್ ಶಾಪಲ್ಲಿ ಬಟನ್ ಒತ್ತಿದ ಕೈ ಇದು" ಎಂದು ಡಬ್ಬಿಯನ್ನು ತೊಡೆಯ ಪಕ್ಕ ಎಳೆದುಕೊಂಡರು.

ಗುಡಿ ತುಂಬಿತ್ತು. ಮೊದಲ ಹಾಡಿಗೆ ಕಣ್ಸನ್ನೆ ಮಾಡಿದಾಗ ಒತ್ತಿದರು. ಎರಡನೆಯ ಹಾಡಿಗೆ ಕಣ್ಸನ್ನೆಗೆ ಮೊದಲೇ ಒತ್ತಿದರು. ಮೂರನೆಯದಕ್ಕೆ ನನ್ನ ಕಡೆ ನೋಡುವುದನ್ನೇ ಬಿಟ್ಟರು. ಒತ್ತುವ ಗುಂಡಿಯ ಜೊತೆ ಪಕ್ಕದಲ್ಲಿದ್ದ, ಮರುದನಿ ಹೆಚ್ಚಿಸುವ ತಿರುಗಣೆಯನ್ನೂ ಕೊನೆಯವರೆಗೆ ತಿರುಗಿಸಿದರು.

ಭಜನೆ ಮುಗಿಯಿತು. ನಾನು ಗಿಟಾರು ಕೆಳಗಿಟ್ಟು ಕೈಮುಗಿದೆ. ನಾದ ಮಾತ್ರ ನಿಲ್ಲಲೇ ಇಲ್ಲ. ಭಜನೆ ಮುಗಿದ ಮೇಲೇ ಮಂಗಳಾರತಿ ಎಂದು ಪೂಜಾರಿಗಳು ತಟ್ಟೆ ಹಿಡಿದು ಕಾಯುತ್ತಿದ್ದರು, ಕರ್ಪೂರ ಕರಗುತ್ತಿತ್ತು. ಹಿಂದಿನಿಂದ ಒಬ್ಬ ಹೆಂಗಸು, "ನೋಡ್ರಕ್ಕಾ, ಅವ್ರು ಮುಟ್ಟೇ ಇಲ್ಲ, ತಾನಾಗೇ ನುಡೀತೈತೆ!" ಎಂದರು. ಇಡೀ ಗುಡಿ ಗಿಟಾರಿಗೆ ಕೈ ಮುಗಿಯಿತು. ಅಧ್ಯಕ್ಷರು ಕಣ್ಣುಮುಚ್ಚಿ, ಡಬ್ಬಿಯ ಮೇಲೆ ಬೆರಳಿಟ್ಟು, ಬೇರೆಯೇ ಲೋಕದಲ್ಲಿದ್ದರು. ಪೂಜಾರಿಗಳು ಅವರ ಭುಜ ಅಲುಗಿಸಿದಾಗ ಅವರು ಮತ್ತೆ ಗುಂಡಿ ಒತ್ತಿದರು, ಆಗಲೇ ನಾದ ನಿಂತದ್ದು.

ಮಂಗಳಾರತಿಯಾಯಿತು, ಪ್ರಸಾದವಾಯಿತು. ಅಧ್ಯಕ್ಷರು ಒಂದು ಮಾತೂ ಆಡದೆ ಎದ್ದುಹೋದರು. ನನ್ನ ಟ್ರಯಲ್ ಫೇಲಾಯಿತೆಂದೇ ತಿಳಿದು ವಾರವಿಡೀ ಗಿಟಾರಿನ ಮುಖ ನೋಡಲಿಲ್ಲ.

ಮುಂದಿನ ಶನಿವಾರ ಸಪ್ಪಗೆ ಗುಡಿಗೆ ಹೋದೆ. ಎಲ್ಲರಿಗಿಂತ ಮೊದಲೇ ಅಧ್ಯಕ್ಷರು ಬಂದು ಕೂತಿದ್ದರು.

"ಗಿಟಾರ್ ಎಲ್ರೀ?" ಎಂದು ಗದರಿದರು. "ಹೋಗಿ ತನ್ನಿ ಮೊದ್ಲು!"

ಓಡಿಹೋಗಿ ತಂದೆ. ಅಷ್ಟರಲ್ಲಿ ಅವರು ಚೀಲದಿಂದ ಅಂಥದೇ ಹೊಚ್ಚಹೊಸದೊಂದು ಡಬ್ಬಿ ತೆಗೆದು ತಮ್ಮ ಎಡಗಡೆ ಇಟ್ಟುಕೊಂಡಿದ್ದರು.

"ಇದೇನು ಸಾರ್?"

"ಅಲ್ರೀ, ಬಲಗೈಗೇನೋ ಕೆಲ್ಸ ಆಯ್ತು," ಎಂದರು. "ಎಡಗೈ ಸುಮ್ನೆ ಕೂತಿರುತ್ತೆ ನೋಡಿ."