ಅತ್ತೆಯ ಖಾಲಿ ಚಾಪೆಗಳು

ನಮ್ಮತ್ತೆ ಚಾಪೆಗಳನ್ನು ಬೈಯುತ್ತಿದ್ದರು. ನಂಬುವುದಿಲ್ಲವೇ? ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೊದಲ ತಿಂಗಳಲ್ಲೇ ನಾನು ಕಣ್ಣಾರೆ ಕಂಡೆ!

ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು ನಾನು. ಇಗರ್ಜಿ ಎಂದರೆ ಪಾಲಿಶ್ ಹಚ್ಚಿದ ಬೆಂಚು, ಬಣ್ಣದ ಗಾಜು ಎಂದುಕೊಂಡಿದ್ದೆ. ಇಲ್ಲಿಯದೋ, ನಾಡಹೆಂಚಿನ ಒಂದೇ ಕೋಣೆ, ಸಗಣಿ ಸಾರಿಸಿದ ನೆಲ, ಮನೆಗೊಂದೋ ಎರಡೋ ಈಚಲು ಚಾಪೆ. ತಿಂಗಳಿಗೊಂದು ಭಾನುವಾರ ಗುರುಗಳು ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದು ಪೂಜೆ ಮಾಡುತ್ತಿದ್ದರು. ಅಂದು ಅತ್ತೆ ಸೆರಗು ಸಿಕ್ಕಿಸಿ ಚಾಪೆ ಹಾಸಲು ನಿಲ್ಲುತ್ತಿದ್ದರು. ಬರುವವರಿಗಷ್ಟೇ ಅಲ್ಲ, ಬಾರದವರಿಗೂ! ಕಿಟಕಿಯ ಪಕ್ಕದ್ದು ಸೊರಬದ ನರ್ಸಮ್ಮನದು. ಕಂಬದ ಹತ್ತಿರದ್ದು ತೊಗರ್ಸಿ ಕಡೆ ಗಾರೆ ಕೆಲಸ ಮಾಡುತ್ತಿದ್ದ ಮೇಸ್ತ್ರಿಯದು. ಅವರೆಲ್ಲ ಇತ್ತ ತಲೆ ಹಾಕದೆ ಎಷ್ಟೋ ಕಾಲವಾಗಿತ್ತು. ಅತ್ತೆ ಖಾಲಿ ಚಾಪೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು, "ಈ ತಿಂಗಳೂ ಬರ್ಲಿಲ್ಲೇನೋ ಮೇಸ್ತ್ರಿ? ನಾಚ್ಕಿ ಆಗಂಗಿಲ್ಲಾ ನಿಂಗೆ?" ಎಂದು ಗದರಿ, ಶಿಲುಬೆಯ ಗುರುತು ಮಾಡಿಕೊಂಡು ಕೂರುತ್ತಿದ್ದರು. ಪಾಪ, ಚಾಪೆ ಏನು ಉತ್ತರ ಕೊಟ್ಟೀತು!

ಒಂದು ಭಾನುವಾರ ಪೂಜೆ ಮುಗಿದ ಮೇಲೆ ಗುರುಗಳು ಕಾಫಿ ಲೋಟ ಕೆಳಗಿಟ್ಟು ಹೇಳಿಯೇಬಿಟ್ಟರು.

"ಅಮ್ಮಾ, ಬರೋದು ನಿಮ್ಮ ಮನೆಯವರು, ಪೋಸ್ಟ್ ಮಾಸ್ತರ ಮನೆಯವರು, ಅಷ್ಟೇ. ಮುಂದಿನ ತಿಂಗಳೂ ಹೀಗೇ ಆದರೆ ಇಲ್ಲಿ ಪೂಜೆ ನಿಲ್ಲಿಸಬೇಕಾಗ್ತದೆ. ಚಾಪೆಗಳಿಗೆ ನಾನೆಷ್ಟು ದಿನ ಪ್ರಸಂಗ ಹೇಳ್ಲಿ?"

"ನಿಮ್ಮ ಪ್ರಸಂಗಕ್ಕೆ ತೂಕಡಿಸ್ದೆ ಇರೋವು ಅವೊಂದೇ ಸ್ವಾಮಿ!"

ಅಂದದ್ದೇನೋ ಅಂದರು. ಮನೆಗೆ ಬಂದವರು ಅನ್ನ ಮುಟ್ಟಲಿಲ್ಲ. "ಇಗರ್ಜಿಗೆ ಬೀಗ ಬಿದ್ರೆ ನಾ ಯಾಕವ್ವಾ ಬೆಳಗ್ಗೆ ಏಳ್ಬೇಕು?" ಎಂದು ಗೋಡೆಯತ್ತ ತಿರುಗಿ ಮಲಗಿದರು.

ಆದರೂ ಮರುದಿನ ಬೆಳಗ್ಗೆ ಎದ್ದರು! ನರ್ಸಮ್ಮನ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ನನ್ನನ್ನೂ ಹೊರಡಿಸಿ ಸೊರಬದ ಬಸ್ಸು ಹತ್ತಿದರು. ಹೊಸದಾಗಿ ಬಂದ ನಯಾಪೈಸೆ ಇನ್ನೂ ಯಾರಿಗೂ ರೂಢಿಯಾಗಿರದ ಕಾಲ. ಚಿಲ್ಲರೆಯ ಜಗಳದಲ್ಲಿ ಬೆವೆತಿದ್ದ ಕಂಡಕ್ಟರ್, "ಅಜ್ಜೀ, ಚಾಪೆಗೂ ಟಿಕೆಟ್ ತಗಾಬೇಕು" ಎಂದ.

"ಅರ್ಧ ಹರಿಯಪ್ಪ. ವಾಪಸ್ ಬರೋವಾಗ ಮನೆಮಂದಿನೆಲ್ಲ ಕರ್ಕಂಡು ಬರ್ತೈತಿ, ನಿಂಗೇ ಲಾಭ!"

ನರ್ಸಮ್ಮ ಬಾಗಿಲು ತೆರೆದದ್ದೇ ತಡ, ಅತ್ತೆ ನಡುಮನೆಯಲ್ಲಿ ಚಾಪೆ ಬಿಚ್ಚಿ ಕೂತೇಬಿಟ್ಟರು.

"ಇದೇನಮ್ಮಾ?"

"ನಿನ್ನ ಚಾಪೆ ಕಣವ್ವಾ. ನೀನು ಬರ್ಲಿಲ್ಲ, ಅದೇ ನಿನ್ನ ನೋಡಾಕೆ ಬಂತು."

"ಭಾನುವಾರಾನೂ ಡ್ಯೂಟಿ ಇರ್ತದೆ, ನಾನೇನು ಮಾಡ್ಲಿ ಹೇಳಿ?"

"ಅದು ನಂಗೊತ್ತಿಲ್ಲ. ಇಗರ್ಜಿ ಸಾಮಾನು ಇಗರ್ಜಿಗೆ ಮುಟ್ಟಿಸೋದು ನಿನ್ನ ಜವಾಬ್ದಾರಿ." ಕಾಫಿ ಕುಡಿದು, ಚಾಪೆ ಅಲ್ಲೇ ಬಿಟ್ಟು ಎದ್ದು ಬಂದರು! ದೇವರ ಮನೆಯ ವಸ್ತುವನ್ನು ಇಟ್ಟುಕೊಳ್ಳುವ ಧೈರ್ಯ ಯಾರಿಗಿದೆ?

ಮೇಸ್ತ್ರಿಯದು ಬೇರೆ ಕಥೆ. ಇಗರ್ಜಿಯ ಕಲ್ಲು ಮೆಟ್ಟಿಲು ಕಟ್ಟಿದವನೇ ಆತ. ಅದು ಸೊಟ್ಟ ಎಂದು ಅತ್ತೆ ಎಲ್ಲರೆದುರು ಅಂದದ್ದಕ್ಕೆ ಮುನಿಸಿಕೊಂಡು ದೂರವಾಗಿದ್ದ. ಅವನ ಗುಡಿಸಲ ಮುಂದೆ ಚಾಪೆ ಇಳಿಸಿ ಅತ್ತೆ ಹೇಳಿದರು: "ಮೆಟ್ಲು ಸೊಟ್ಟನೇ ಐತಿ, ಸುಳ್ಳು ಹೇಳಂಗಿಲ್ಲ. ಆದ್ರೆ ಇವತ್ತಿನ ತನಕ ಅಲುಗಾಡಿಲ್ಲ. ಬಾರಪ್ಪಾ." ಇದು ರಾಜಿಯೋ, ಇನ್ನೊಂದು ಏಟೋ? ನನಗೆ ತಿಳಿಯಲಿಲ್ಲ. ಮುಖ ನೋಡಿದರೆ ಮೇಸ್ತ್ರಿಗೂ ತಿಳಿದಂತಿರಲಿಲ್ಲ!

ಹೀಗೆ ಖಾಲಿ ಚಾಪೆಗಳೆಲ್ಲ ಊರೂರು ಸೇರಿದವು. ಮುಂದಿನ ಪೂಜೆಯ ಭಾನುವಾರ ಬಂತು. ಗುರುಗಳು ಖಾಲಿ ಚಾಪೆಗಳ ಜಾಗದಲ್ಲಿ ಬರಿಯ ನೆಲ ನೋಡಿ ಕಂಗಾಲು.

"ಚಾಪೆಗಳೂ ಬಿಟ್ಟುಹೋದವೇನಮ್ಮಾ?"

"ಬರ್ತಾವೆ, ಕೂತ್ಕಳ್ರೀ ಸ್ವಾಮಿ."

ದನಿ ಗಟ್ಟಿಯಾಗಿಯೇ ಇತ್ತು. ಆದರೆ ಬೆರಳು ಜಪಸರದ ಒಂದೇ ಮಣಿಯ ಮೇಲೆ ನಿಂತುಬಿಟ್ಟಿದ್ದನ್ನು ನಾನು ಕಂಡೆ.

ಸೊರಬದ ಬಸ್ಸು ನಿಂತ ಸದ್ದಾಯಿತು. ಮೊದಲು ಕಂಡದ್ದು ಚಾಪೆ. ಆಮೇಲೆ ಅದರ ಕೆಳಗೆ ನರ್ಸಮ್ಮ, ಹಿಂದೆ ಗಂಡ, ಮಕ್ಕಳು! ಅವರ ಬೆನ್ನಿಗೇ ಇನ್ನೊಂದು ಸುರುಳಿ, ಮತ್ತೊಂದು ಸುರುಳಿ. ಕೊನೆಗೆ ಮೇಸ್ತ್ರಿ ಬಂದ, ತನ್ನ ಕೆಲಸದವರ ಸಂಸಾರಗಳನ್ನೂ ಕರೆದುಕೊಂಡು. ಮೆಟ್ಟಿಲ ಹತ್ತಿರ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ, "ಒಂಚೂರು ಸೊಟ್ಟ ಐತಿ ಬಿಡ್ರೀ" ಎಂದು ಒಳಗೆ ಹೋದ. ಚಾಪೆಗಳೇ ಸಾಲಲಿಲ್ಲ! ಗುರುಗಳ ಪ್ರಸಂಗ ಅಂದು ಎಷ್ಟು ಉದ್ದವಾಯಿತೆಂದರೆ, ನರ್ಸಮ್ಮನ ಗಂಡ ತೂಕಡಿಸಿಯೇಬಿಟ್ಟರು. ಆ ನೂಕುನುಗ್ಗಲಲ್ಲಿ ಅತ್ತೆ ಎಲ್ಲಿ ಕೂತರೆಂದು ನಾನು ಗಮನಿಸಲಿಲ್ಲ.

ಮನೆಗೆ ಬಂದು ಕಾಲು ತೊಳೆಯುವಾಗ ನೋಡಿದೆ. ನನ್ನ ಮೊಣಕಾಲ ಮೇಲೆ ಚಾಪೆಯ ಹೆಣಿಗೆ ಅಚ್ಚೊತ್ತಿತ್ತು. ಅತ್ತೆಯ ಮೊಣಕಾಲಲ್ಲಿ ಹೆಣಿಗೆಯ ಗುರುತೇ ಇಲ್ಲ. ಚರ್ಮ ತರಚಿ ಕೆಂಪಾಗಿತ್ತು. ತಮ್ಮ ಚಾಪೆಯನ್ನೂ ಯಾರಿಗೋ ಕೊಟ್ಟು, ಪೂಜೆಯುದ್ದಕ್ಕೂ ಹೊರಗೆ ಕಲ್ಲು ಮೆಟ್ಟಿಲ ಮೇಲೆ ಮಂಡಿಯೂರಿದ್ದರು.

"ಇದೇನತ್ತೆ ಇದು!" ಎಂದು ಕೊಬ್ಬರಿ ಎಣ್ಣೆ ತಂದು ಹಚ್ಚತೊಡಗಿದೆ.

"ನೋಡು, ಎಡಗಾಲಿಗೇ ಜಾಸ್ತಿ ಆಗೈತಿ. ಮೆಟ್ಲು ಸೊಟ್ಟ ಅಂದ್ರೆ ಯಾರೂ ನಂಬ್ತಿರ್ಲಿಲ್ಲ!" ಎಂದು ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ತಿಂಗಳ ಪೂಜೆಗೆ ನನ್ನ ಚಾಪೆಯನ್ನು ಆ ಮೆಟ್ಟಿಲ ಮೇಲೇ ಹಾಸಿದೆ. ಅತ್ತೆ ಒಮ್ಮೆ ನನ್ನ ಮುಖ ನೋಡಿ, ಪಕ್ಕದಲ್ಲಿ ಮಂಡಿಯೂರಿದರು. ಗಂಟೆ ಬಡಿಯಿತು. ಅವರು ರಸ್ತೆಯ ಕಡೆ ಕಣ್ಣು ಹಾಯಿಸಿ, ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಿವಿದರು.

"ಒಂಚೂರು ಸರಿಯವ್ವಾ. ಇನ್ನೂ ಯಾರಾದ್ರೂ ಬರ್ಬೋದು."